ಮೆಂಟರ್ ಕೆಲಸದ ಬಗ್ಗೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ವಿಜಯಪುರದಾಗ ಡಿಗ್ರಿ ಕಾಲೇಜಿನ್ಯಾಗ ಪಾಠ ಮಾಡಾಕ ಹತ್ತಿ ಹದಿನಾಲ್ಕು ವರ್ಷ ಆತು, ಅದರಾಗ ಹನ್ನೊಂದು ವರ್ಷ ಮೆಂಟರ್ ಡೈರಿ ಬಗಲಾಗ ಇಟ್ಕೊಂಡ ಅಡ್ಡಾಡೀನಿ. ಹೊಸದಾಗಿ ಸೇರಿದ ಲೆಕ್ಚರರ್‌ಗಳು, ಹುಡುಗ್ರ ಅಪ್ಪ-ಅವ್ವ, ಒಮ್ಮೊಮ್ಮೆ ಹುಡುಗ್ರೂ ಕೇಳಿದ್ದನ್ನ ಕೇಳ್ತಾರ, ಫೋನಿನ್ಯಾಗ, ಸ್ಟಾಫ್ ರೂಮಿನ್ಯಾಗ, ಬಸ್ ಸ್ಟ್ಯಾಂಡಿನ್ಯಾಗ ನಿಂತ್ಕೊಂಡು. ಪ್ರತಿ ಸಲ ಹೇಳೋದರ ಬದ್ಲಿ ಒಂದ್ ಕಡೆ ಬರದಿಟ್ರ ಛಲೋ ಅನಿಸ್ತು. ಪ್ರಶ್ನೆ ಅವ್ರು ಕೇಳಿದಂಗ ಇಟ್ಟೀನಿ, ತಿದ್ದಿಲ್ಲ.

## ಶುರುವಿಗೆ

ಮೆಂಟರ್ ಅಂದ್ರ ಏನ್ರಿ ಸರ್, ಟ್ಯೂಷನ್ ಹೇಳೋರಾ?

ಇದು ಪಾಲಕರ ಪ್ರಶ್ನೆ, ಪ್ರತಿ ವರ್ಷ ಅಡ್ಮಿಷನ್ ಟೈಮಿನ್ಯಾಗ ಬರ್ತದ. ಟ್ಯೂಷನ್ ಅಲ್ರಿ. ಕಾಲೇಜು ಪ್ರತಿ ಲೆಕ್ಚರರ್‌ಗ ಇಷ್ಟು ಹುಡುಗ್ರು ಅಂತ ಹಂಚಿ ಕೊಡ್ತದ, ಆ ಹುಡುಗ್ರು ಕ್ಲಾಸಿಗೆ ಬರ್ತಾರೋ ಇಲ್ಲೋ, ಯಾವ ಸಬ್ಜೆಕ್ಟ್ ಉಳ್ಕೊಂಡದ, ಹಾಸ್ಟೆಲ್ ಸಿಕ್ಕದೋ ಇಲ್ಲೋ, ಮನಸ್ಸು ಎಲ್ಲಿ ಅದ ಅನ್ನೋದನ್ನ ಮೂರು ವರ್ಷ ನೋಡ್ಕೊಳ್ಳೋರು ಮೆಂಟರ್. ಇಂಗ್ಲೆಂಡಿನ ಯೂನಿವರ್ಸಿಟಿಗಳೊಳಗ ಇದಕ್ಕ ಪರ್ಸನಲ್ ಟ್ಯೂಟರ್ ಅಂತಾರ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜುಗಳಾಗ ಭಾಳ ಹಳೇ ಪದ್ಧತಿ. ಬಹುಶಃ ಆ ಟ್ಯೂಟರ್ ಅನ್ನೋ ಶಬ್ದದಿಂದನ ನಮ್ಮ ಮಂದಿಗೆ ಟ್ಯೂಷನ್ ನೆನಪಾಗೋದು. ಫೀ ಗೀ ಏನೂ ಇಲ್ಲ, ಮೆಂಟರ್ ಹೆಸ್ರಾಗ ಯಾರರೆ ರೊಕ್ಕ ಕೇಳಿದ್ರ ಪ್ರಿನ್ಸಿಪಾಲ್ರಿಗೆ ಹೇಳ್ರಿ.

ನ್ಯಾಕ್ ಟೀಮ್ ಬರೋ ವರ್ಷ ಮಾತ್ರ ಮೆಂಟರ್ ನೆನಪಾಗ್ತಾನ, ಹೌದಲ್ರಿ?

ಹೌದು, ಸುಳ್ಳ್ಯಾಕ ಹೇಳ್ಲಿ. ಮೆಂಟರ್ ಒಬ್ಬಂಗ ಎಷ್ಟು ಹುಡುಗ್ರು ಅಂತ ನ್ಯಾಕ್‌ನವ್ರು, ಅಂದ್ರ ಕಾಲೇಜು ತಪಾಸಣಿ ಮಾಡಿ ಗ್ರೇಡ್ ಕೊಡೋ ಮಂಡಳಿಯವ್ರು, ಕೇಳೋದ್ರಿಂದನ ನಮ್ಮ ಕಡೆ ಕಾಲೇಜುಗಳಿಗೆ ಈ ವ್ಯವಸ್ಥಾ ಗಟ್ಟಿ ಆಗಿ ಬಂದದ್ದು. ಹಿಂಗಾಗಿ ಟೀಮ್ ಬರೋ ಹಿಂದಿನ ವಾರ ಒಂದ ಪೆನ್ನಿನ್ಯಾಗ, ಒಂದ ಇಂಕಿನ್ಯಾಗ, ಒಂದ ರಾತ್ರ್ಯಾಗ ಮೂರು ವರ್ಷದ ಡೈರಿ ಬರದದ್ದನ್ನ ನಾನೂ ಕಣ್ಣಾರೆ ನೋಡೀನಿ. ಒಮ್ಮೆ ನಾನೂ ಬರದೀನಿ. ಆದ್ರ ಪುಸ್ತಕ ಸುಳ್ಳಾದ್ರ ಏನಾತು, ಪುಸ್ತಕದಾಗಿನ ಹುಡುಗ ಖರೇನ ಕೂತಿರ್ತಾನಲ್ರಿ ಎರಡನೇ ಬೆಂಚಿನ್ಯಾಗ.

ನಂಗ 32 ಹುಡುಗ್ರನ್ನ ಕೊಟ್ಟಾರ, ಎಲ್ಲಾರ್ನೂ ಕರದು ಮಾತಾಡ್ಸಾಕ ಟೈಮ್ ಎಲ್ಲಿಂದ ತರ್ಲಿ?

ಎಲ್ಲಾರ್ನೂ ಒಂದ ಸಮ ನೋಡ್ಬೇಕು ಅನ್ನೋದು ಬಿಡ್ರಿ ಮೊದ್ಲು. ಫಸ್ಟ್ ಸೆಮಿಸ್ಟರ್ ಹುಡುಗ್ರನ್ನ ಮೊದಲ ಆರು ವಾರದಾಗ ಒಬ್ಬೊಬ್ಬರ್ನ ಹತ್ತ ನಿಮಿಷ ಕೂಡಿಸ್ಕೊಳ್ರಿ, ದಿನಾ ಇಬ್ಬರ್ನ ಅಂದ್ರೂ ಮುಗೀತದ. ನಾ ಓದಿನ ಸುದ್ದಿ ಮೊದ್ಲು ತಗ್ಯಂಗಿಲ್ಲ. ಯಾವ ಊರಿಂದ ಬರ್ತಿ, ಯಾವ ಬಸ್ಸಿಗೆ, ಮುಂಜಾನಿ ಏನ್ ತಿಂದ್ ಬಂದಿ, ಮನ್ಯಾಗ ಡಿಗ್ರಿಗೆ ಬಂದೋರು ನಿನಕಿಂತ ಮುಂಚೆ ಯಾರಾರೆ ಅದಾರೇನು, ಇಷ್ಟ. ಈ ನಾಕ ಪ್ರಶ್ನೆಗೆ ಅರ್ಧ ಗುಟ್ಟು ಹೊರಗ ಬೀಳ್ತದ. ದೇವರಹಿಪ್ಪರಗಿ ಕಡಿಂದ ಬರೋ ಹುಡುಗಿ ಒಬ್ಬಾಕಿ ಮುಂಜಾನಿ ಆರಕ್ಕ ಮನಿ ಬಿಟ್ಟು ಮಧ್ಯಾಹ್ನದ ತನಕ ಏನೂ ತಿಂತಿರ್ಲಿಲ್ಲ, ಕ್ಲಾಸಿನ್ಯಾಗ ಮಲಗ್ತಾಳ ಅಂತ ಎಲ್ಲಾರೂ ಬೈತಿದ್ರು, ನಾನೂ ಬೈದಿದ್ದೆ. ಹಾಸ್ಟೆಲ್‌ಗೆ ಅರ್ಜಿ ಹಾಕ್ಸಿದ್ವಿ, ನಿದ್ದಿ ತಾನ ಹೋತು.

ಆಮ್ಯಾಲ ಎಲ್ಲಾರ್ನೂ ಕರಿಯೋದ ಬ್ಯಾಡ. ಹಾಜರಿ ಪುಸ್ತಕ ನೋಡ್ರಿ, ಸತತ ಒಂದ್ ವಾರ ಬರದವ್ರು, ಇಂಟರ್ನಲ್ಸ್‌ನ್ಯಾಗ ಒಮ್ಮಿಂದೊಮ್ಮೆಲೆ ಬಿದ್ದೋರು, ಯಾವಾಗ್ಲೂ ಗದ್ಲ ಮಾಡೋವ ಸುಮ್ಮ ಆಗಿದ್ರ ಅವ, ಇವ್ರನ್ನ ಕರೀರಿ. ಮೂವತ್ತೆರಡು ಇದ್ದದ್ದು ಆರೇಳಕ್ಕ ಬರ್ತದ.

ಕರದು ಕೇಳಿದ್ರ "ಏನಿಲ್ರಿ ಸರ್, ಎಲ್ಲಾ ಅರಾಮ್" ಅಂತಾರ. ಮುಂದ?

ಸ್ಟಾಫ್ ರೂಮಿನ್ಯಾಗ ಹತ್ತು ಮಂದಿ ಮುಂದ ನಿಂದ್ರಿಸಿ ಕೇಳಿದ್ರ ನಾನಾದ್ರೂ ಅರಾಮ್ ಅಂತನ ಅಂತೀನಿ. ಎದುರಿಗೆ ಕೂಡ್ಸಬ್ಯಾಡ್ರಿ, ಬಾಜೂ ಬೆಂಚಿನ್ಯಾಗ ಕೂಡ್ರಿ, ಇಲ್ಲಾ ಲೈಬ್ರರಿ ತನಕ ನಡಕೋತ ಹೋಗ್ರಿ. "ಏನ್ ಪ್ರಾಬ್ಲೆಮ್?" ಅಂತ ಕೇಳಬ್ಯಾಡ್ರಿ, ನೀವು ಕಂಡದ್ದನ್ನ ಹೇಳ್ರಿ: "ತಮ್ಮಾ, ಹೋದ ಸೋಮವಾರದಿಂದ ನೀ ಕ್ಲಾಸಿಗೆ ಬಂದಿಲ್ಲ, ಬಂದ ದಿವ್ಸ ಹಿಂದ ಕುಂತಿ, ಅದಕ್ಕ ಕೇಳಾಕತ್ತೀನಿ." ಆಮ್ಯಾಲ ಸುಮ್ಮ ಇರ್ರಿ. ನಾವು ಲೆಕ್ಚರರ್‌ಗಳಿಗೆ ಅದ ದೊಡ್ಡ ತ್ರಾಸ, ಅರ್ಧ ನಿಮಿಷ ಯಾರೂ ಮಾತಾಡ್ಲಿಲ್ಲ ಅಂದ್ರ ಭಾಷಣ ಶುರು ಹಚ್ಚಿ ಬಿಡ್ತೀವಿ. ಅವತ್ತ ಹೇಳ್ಲಿಲ್ಲ ಅಂದ್ರ ಬಿಡ್ರಿ, ಗುರುವಾರ ಮತ್ತ ಬಾ ಅನ್ರಿ. ಗುರುವಾರ ನೀವು ಅಲ್ಲಿ ಇರ್ಬೇಕು, ಅಷ್ಟ.

ಗೆಸ್ಟ್ ಲೆಕ್ಚರರ್ ಇದ್ದೀನಿ, ನಾನೂ ಮಾಡ್ಬೇಕಾ?

ಡ್ಯೂಟಿ ಹಾಕಿದ್ರ ಮಾಡ್ರಿ, ಆದ್ರ ಮುಂದಿನ ವರ್ಷ ನೀವು ಇರ್ತೀರೋ ಇಲ್ಲೋ ನಿಮಗ ಗೊತ್ತಿರಂಗಿಲ್ಲ, ಹಂಗಾಗಿ ಗಂಭೀರ ಇರೋ ಕೇಸಿನ್ಯಾಗ ಒಬ್ಬ ಪರ್ಮನೆಂಟ್ ಸ್ಟಾಫ್‌ಗ ಹುಡುಗನ ಎದುರಿಗೇನ ಪರಿಚಯ ಮಾಡಿ ಕೊಟ್ಟು ಹೋಗ್ರಿ.

## ಮುಂದ ಕಳಸೋದು

ಯಾವುದನ್ನ ನಾನ ನೋಡ್ಕೋಬೇಕು, ಯಾವುದನ್ನ ರೆಫರ್ ಮಾಡ್ಬೇಕು?

ಟೈಮ್‌ಟೇಬಲ್, ನೋಟ್ಸ್, ಬ್ಯಾಕ್‌ಲಾಗ್, ಯಾವ ಸಬ್ಜೆಕ್ಟ್ ತಗೋಬೇಕು, ಎಂಎಗೆ ಹೋಗ್ಲೋ ಬಿಎಡ್‌ಗೆ ಹೋಗ್ಲೋ, ಇವು ನಿಮ್ಮವು. ರೊಕ್ಕದ್ದು ಸ್ಕಾಲರ್‌ಶಿಪ್ ಸೆಕ್ಷನ್ನಿಂದು. ನಿದ್ದಿ, ಊಟ, ಅಳು, ಕುಡಿತ, ಎರಡು ವಾರದ ಮ್ಯಾಲ ನಡದದ್ದಾದ್ರ ಕೌನ್ಸೆಲರ್ ಅಥ್ವಾ ಡಾಕ್ಟರ್. ಹೊಡೆತ, ಬೆದರಿಕಿ, ಕಿರುಕುಳ, ರ‍್ಯಾಗಿಂಗ್ ಬಂದ್ರ ಕಾನೂನಿನ ದಾರಿ. ನನ್ನ ಅಳತಿ ಏನಂದ್ರ, ಒಂದ ವಿಷಯಕ್ಕ ಒಬ್ಬ ಹುಡುಗ ಮೂರನೇ ಸಲ ಬಂದಾನ, ನಾ ಹೇಳಿದ್ದನ್ನ ಹೇಳಾಕತ್ತೀನಿ ಅಂದ್ರ ಅದು ನನ್ನ ಕೈಲೆ ಆಗೋ ಕೆಲಸ ಅಲ್ಲ. ರಾತ್ರಿ ಹನ್ನೊಂದಕ್ಕ ಹುಡುಗ ಮೆಸೇಜ್ ಮಾಡ್ತಾನ, ನೀವು ಉತ್ತರ ಕೊಡ್ತೀರಿ, ಅವಂಗ ನೀವ ಬೇಕು ಅನಿಸ್ತದ, ನಿಮಗೂ ಒಳಗ ಖುಷಿ ಆಗ್ತಿರ್ತದ. ಅಲ್ಲೇ ಎಡವೋದು ನೋಡ್ರಿ.

ನಂಬರ್ ಬರದು ಕೊಟ್ಟೀನಿ. ಅವ ಫೋನ್ ಮಾಡ್ಲಿಲ್ಲ ಅಂದ್ರ ನಂದೇನ್ ತಪ್ಪು?

ಇದಕ್ಕ ನಂದ ಒಂದು ಕತಿ ಹೇಳ್ಬೇಕು. 2016ರಾಗ ಇಂಡಿ ಕಡೆ ಹುಡುಗ ಒಬ್ಬ, ರಾತ್ರಿ ನಿದ್ದಿ ಬರವಲ್ದು, ಎದಿ ಧಡಧಡ ಅಂತದ ಅಂತ ಹೇಳಿದ. ಪರಿಚಯದ ಡಾಕ್ಟರ್ ನಂಬರ್ ಒಂದು ಚೀಟಿ ಮ್ಯಾಲ ಬರದು ಕೊಟ್ಟು, ಡೈರ‍್ಯಾಗ "ರೆಫರ್ ಮಾಡಲಾಗಿದೆ" ಅಂತ ಬರದು, ಮನಿಗೆ ಹೋಗಿ ಅರಾಮ ಊಟ ಮಾಡಿದೆ. ದಸರಾ ಸೂಟಿ ಮುಗದ ಮ್ಯಾಲ ಅವ ಬರ್ಲೇ ಇಲ್ಲ. ಜನವರ‍್ಯಾಗ ಟಿಸಿ ಒಯ್ಯಾಕ ಅವರ ಕಾಕಾನ ಜೋಡಿ ಬಂದಿದ್ದ. ನಾ ಕೇಳಿದೆ, ಡಾಕ್ಟರ್‌ಗ ಫೋನ್ ಮಾಡಿದ್ಯೇನೋ ಅಂತ. ಪಾಕೀಟ ತಗದು ಆ ಚೀಟಿ ತೋರಿಸಿದ, ನಾಕ ಮಡಿಕಿ ಆಗಿತ್ತು. "ಮಾಡ್ಬೇಕಂತ ಭಾಳ ಸಲ ತಗದೀನ್ರಿ ಸರ್, ಮೊದ್ಲು ಏನಂತ ಹೇಳ್ಬೇಕು ಅದ ತಿಳೀಲಿಲ್ಲ" ಅಂದ.

ನಂಬರ್ ಇಲ್ಲದ್ದು ಅಡಚಣಿ ಅಲ್ಲ, ಮೊದಲ ವಾಕ್ಯ ಇಲ್ಲದ್ದು ಅಡಚಣಿ. ಅವತ್ತಿಂದ ನಾ ಚೀಟಿ ಕೊಡೋದ ಬಿಟ್ಟೆ. ನನ್ನ ರೂಮಿನ್ಯಾಗ ಕೂಡಿಸಿ, "ನನ್ನ ಹೆಸ್ರು ಇಂಥಾದ್ದು, ಡಿಗ್ರಿ ಓದಾಕತ್ತೀನಿ, ಮೂರು ವಾರದಿಂದ ನಿದ್ದಿ ಇಲ್ಲ, ಯಾರ ಜೋಡಿರೆ ಮಾತಾಡ್ಬೇಕಾಗಿತ್ತು" ಅಂತ ಅವನ ಬಾಯಿಂದನ ಎರಡು ಸಲ ಹೇಳಿಸಿ, ಅಲ್ಲೇ ಫೋನ್ ಹಚ್ಚಿಸಿ, ಹತ್ತಿದ ಮ್ಯಾಲ ನಾ ಹೊರಗ ಹೋಗಿ ಬಾಗಲಾ ಮುಂದ್ ನಿಂದಿರ್ತೀನಿ. ಆಸ್ಪತ್ರಿ ಅಂದ್ರ ಮೊದಲ ಸಲ ನಾನರೆ ಹೋಗ್ತೀನಿ, ಇಲ್ಲಾ ಅವ ಹೇಳಿದ ದೋಸ್ತನ್ನ ಕಳಿಸ್ತೀನಿ, ಯಾಕಂದ್ರ ಓಪಿಡಿ ಚೀಟಿ ಎಲ್ಲಿ ಮಾಡಿಸ್ಬೇಕು, ಯಾವ ರೂಮು, ಅಲ್ಲಿ ಅರ್ಧ ಮಂದಿ ವಾಪಸ್ ಬರ್ತಾರ. ಒಂದ್ ವಾರ ಬಿಟ್ಟು "ಹೋದ್ಯಾ?" ಅಂತ ಕೇಳ್ರಿ. ಹೋಗಿಲ್ಲ ಅಂದ್ರ ಬೈಬ್ಯಾಡ್ರಿ, ಎಲ್ಲಿ ತಡೀತು ಅಂತ ಕೇಳ್ರಿ.

ಸ್ಕಾಲರ್‌ಶಿಪ್ ಬರವಲ್ದು, ಫೀ ತುಂಬಾಕ ಆಗವಲ್ದು ಅಂತಾರ. ನಾ ಏನ್ ಮಾಡಾಕ ಬರ್ತದ?

ಸರ್ಕಾರ ರೊಕ್ಕ ಹಾಕಿಲ್ಲ ಅಂತ ನೀವೂ ಅವನ ಜೋಡಿ ಬೈಕೋತ ಕುಂಡ್ರಬ್ಯಾಡ್ರಿ, ಎಸ್‌ಎಸ್‌ಪಿ, ಅಂದ್ರ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ತಗದು ಸ್ಟೇಟಸ್ ನೋಡ್ರಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡ್ ಆಗಿರಂಗಿಲ್ಲ (ಲಿಂಕ್ ಅದ ಅಂತಾನ, ಲಿಂಕ್ ಬ್ಯಾರೆ ಸೀಡಿಂಗ್ ಬ್ಯಾರೆ, ಸೀಡಿಂಗ್ ಅಂದ್ರ ಸರ್ಕಾರದ ರೊಕ್ಕ ಯಾವ ಖಾತೆಗೆ ಬೀಳ್ಬೇಕಂತ ಆಧಾರ್‌ಗೆ ಜೋಡಿಸೋದು, ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಅಂತನ ಕೇಳ್ಬೇಕು), ಇಲ್ಲಾ ಮಾರ್ಕ್ಸ್ ಕಾರ್ಡಿನ್ಯಾಗ ಒಂದ್ ಹೆಸ್ರು ಆಧಾರ್‌ನ್ಯಾಗ ಒಂದ್ ಹೆಸ್ರು, ಇಲ್ಲಾ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗದದ, ಇಲ್ಲಾ ನಮ್ಮ ಕಾಲೇಜಿನ್ಯಾಗನ ಈ-ಅಟೆಸ್ಟೇಶನ್ (ದಾಖಲಿ ಖರೇ ಅಂತ ಆನ್‌ಲೈನ್ ದೃಢೀಕರಣ) ಪೆಂಡಿಂಗ್ ಇರ್ತದ. ಕಡೀದು ನಮ್ಮ ತಪ್ಪು, ಅದನ್ನ ಅವತ್ತ ಮುಗಿಸ್ರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗ್ರಿಗೆ ವಿದ್ಯಾಸಿರಿ ಅದ, ತಿಂಗಳಿಗೆ ಇಷ್ಟಂತ 10 ತಿಂಗಳು ರೊಕ್ಕ ಬರ್ತದ, ಭಾಳ ಮಂದಿ ಅರ್ಜಿನ ಹಾಕಂಗಿಲ್ಲ. ಕೈಯಿಂದ ರೊಕ್ಕ ಕೊಡೋದು ನಿಮ್ಮ ಇಚ್ಛಾ. ನಾ ಊಟಕ್ಕ ಕೊಡ್ತೀನಿ, ಫೀಗೆ ಕೊಡಂಗಿಲ್ಲ.

ಎರಡು ತಿಂಗಳು ನಾಪತ್ತೆ ಆಗಿ ಈಗ ಬಂದು ಹಾಲ್ ಟಿಕೆಟ್ ಕೊಡ್ರಿ ಅಂತಾನ, ಇಂಥವಂಗ ಏನ್ ಮಾಡೋದು?

ನಮ್ಮ ಜಿಲ್ಲಾದಾಗ ಇದು ಶಿಸ್ತಿನ ಪ್ರಶ್ನೆ ಅಷ್ಟ ಅಲ್ಲ. ಮಳಿ ಕೈಕೊಟ್ಟ ವರ್ಷ ತಾಂಡಾದ ಮಂದಿ ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗ್ತಾರ, ಗೋವಾಕ್ಕ ದುಡಿಯಾಕ ಹೋಗ್ತಾರ, ಮನಿ ಮಂದಿ ಎಲ್ಲಾ ಹೋದ್ರ ಬಿಎ ಓದೋ ಹುಡುಗನೂ ಹೋಗ್ತಾನ. ಯೂನಿವರ್ಸಿಟಿ 75 ಪರ್ಸೆಂಟ್ ಹಾಜರಿ ಕೇಳ್ತದ, ಅದನ್ನ ನೀವು ತಿದ್ದಾಕ ಬರಂಗಿಲ್ಲ, ತಿದ್ದಲೂಬಾರ್ದು. ಮಾಡಾಕ ಬರೋದು ದೀಪಾವಳಿಗಿಂತ ಮುಂಚೆ. "ಈ ಸಲ ಮನಿಯವ್ರು ಹೊಂಟಾರೇನು, ನೀ ಹೊಂಟೀಯೇನು" ಅಂತ ಮೊದ್ಲ ಕೇಳ್ರಿ, ಹೌದಂದ್ರ ಹಾಸ್ಟೆಲ್ ಸೀಟಿಗೆ, ಇಲ್ಲಾ ಊರಾಗ ಅಜ್ಜಿ ಮನ್ಯಾಗ ಉಳಿಯಾಕ ಆಗ್ತದೇನು ನೋಡ್ರಿ, ಅಪ್ಪಗ ಒಂದ್ ಫೋನ್ ಮಾಡ್ರಿ. ಆಮ್ಯಾಲ ಬಂದ್ರ, ವೈದ್ಯಕೀಯ ಕಾರಣ ಇದ್ದೋರ್ಗೆ ಯೂನಿವರ್ಸಿಟಿ ನಿಯಮದಾಗ ಏನ್ ದಾರಿ ಅದ ಅನ್ನೋದನ್ನ ಆಫೀಸಿನ್ಯಾಗ ಕೇಳಿ ಖರೇ ಉತ್ತರ ಹೇಳ್ರಿ. ಸೆಮಿಸ್ಟರ್ ಹೋತು ಅಂದ್ರ ಹೋತು ಅನ್ರಿ, ಡಿಗ್ರಿ ಹೋಗಿಲ್ಲ ಅನ್ನೋದನ್ನೂ ಅದ ಉಸಿರಿನ್ಯಾಗ ಹೇಳ್ರಿ.

ಕೌನ್ಸೆಲಿಂಗ್ ಅಂದ ಕೂಡ್ಲೆ "ನಂಗೇನ್ ಹುಚ್ಚ ಹಿಡದದೇನ್ರಿ, ಧಾರವಾಡಕ್ಕ ಕಳಸ್ತೀರೇನು" ಅಂತಾರಲ್ಲ?

ನಮ್ಮ ಕಡೆ ಧಾರವಾಡ ಅಂದ್ರ ಎರಡ ಅರ್ಥ, ಒಂದು ಪೇಡೆ, ಇನ್ನೊಂದು ಇದು. ಸಣ್ಣವ್ರಿದ್ದಾಗಿಂದ ಚಾಷ್ಟಿ ಮಾಡ್ಕೋತ ಬೆಳದೀವಿ, ಈಗ ಅದ ಚಾಷ್ಟಿ ನಮ್ಮ ಹುಡುಗ್ರ ಕಾಲಿಗೆ ತೊಡಕಾಗ್ಯದ. ಅಲ್ಲಿರೋದು ಈಗ ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತ ನರವಿಜ್ಞಾನ ಸಂಸ್ಥೆ, ಡಾಕ್ಟರ್‌ಗಳು ಕಲಿಯೋ ಜಾಗ, ಮುಂಜಾನಿ ಹೋಗಿ ತೋರಿಸ್ಕೊಂಡು ಸಂಜೀಕ ಬಸ್ಸಿಗೆ ವಾಪಸ್ ಬರೋರ ಭಾಳ. ಅಷ್ಟು ದೂರ ಹೋಗೋದೂ ಎಲ್ಲಾರಿಗೂ ಬೇಕಿಲ್ಲ. ನಾ "ಮಾನಸಿಕ" ಅನ್ನೋ ಶಬ್ದದಿಂದ ಶುರು ಮಾಡಂಗಿಲ್ಲ, ನಿದ್ದಿಯಿಂದ ಶುರು ಮಾಡ್ತೀನಿ. ನಿದ್ದಿ ಬರವಲ್ದು ಅಂದ್ರ ಡಾಕ್ಟರ್‌ಗ ತೋರಿಸ್ಬೇಕೋ ಬ್ಯಾಡೋ? ತೋರಿಸ್ಬೇಕು ಅಂತ ಅವನ ಒಪ್ತಾನ. ಸುಳ್ಳು ಹೇಳಿ ಮಾತ್ರ ಕರ್ಕೊಂಡ ಹೋಗಬ್ಯಾಡ್ರಿ, ಯಾವ ಡಾಕ್ಟರ್ ಅನ್ನೋದು ಹೊರಡೋಕಿಂತ ಮುಂಚೇನ ಅವಂಗ ಗೊತ್ತಿರ್ಬೇಕು.

ನಮ್ಮ ಕಾಲೇಜಿನ್ಯಾಗ ಕೌನ್ಸೆಲರ್ರ ಇಲ್ಲ, ಎಲ್ಲಿಗೆ ಕಳಸ್ಲಿ?

ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. 2022ರ ಅಕ್ಟೋಬರ್ 10ಕ್ಕ ಶುರು ಆದದ್ದು, 24 ತಾಸು, ಪುಗಸಟ್ಟೆ, ಕನ್ನಡದಾಗ ಮಾತಾಡ್ತಾರ. ಅದು ಹತ್ತಲಿಲ್ಲ ಅಂದ್ರ 1800-891-4416. ಜಿಲ್ಲಾ ಆಸ್ಪತ್ರ್ಯಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರ್ ಇರ್ತಾರ, ತಾಲೂಕಾ ಆಸ್ಪತ್ರಿಗಳಿಗೆ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಅದ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಮೊದ್ಲ ಫೋನ್ ಹಚ್ಚಿ ಕೇಳ್ಕೊಂಡ ಕಳಿಸ್ರಿ, ಖಾಲಿ ಕೈಲೆ ವಾಪಸ್ ಬಂದ ಹುಡುಗ ಎರಡನೇ ಸಲ ಹೋಗಂಗಿಲ್ಲ.

ಇನ್ನ ಕೌನ್ಸೆಲರ್ ಇಲ್ಲದ್ದಕ್ಕ ಸುಮ್ಮ ಕುಂಡ್ರಬ್ಯಾಡ್ರಿ. 2025ರ ಜುಲೈನ್ಯಾಗ ಸುಕ್ದೇಬ್ ಸಾಹಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳ್ಯದ, 100 ಮತ್ತ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥ್ವಾ ಸೋಷಿಯಲ್ ವರ್ಕರ್‌ನ ಇಟ್ಕೋಬೇಕು, ಅದಕ್ಕಿಂತ ಕಡಿಮಿ ಇದ್ದೋರು ಹೊರಗಿನ ತಜ್ಞರ ಜೋಡಿ ವ್ಯವಸ್ಥಾ ಮಾಡ್ಕೋಬೇಕು, ಸ್ಟಾಫ್‌ಗ ವರ್ಷಕ್ಕ ಎರಡು ಸಲ ತರಬೇತಿ ಕೊಡ್ಬೇಕು ಅಂತ. ಇದನ್ನ ಒಂದು ಅರ್ಜಿ ಮಾಡಿ ಪ್ರಿನ್ಸಿಪಾಲ್ರಿಗೆ ಕೊಟ್ಟು ಇನ್ವರ್ಡ್ ನಂಬರ್ ತಗೊಳ್ರಿ. ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತದ.

ಕಣ್ಣು ಸರಿ ಕಾಣದ, ಬರಿಯಾಕ ತ್ರಾಸ ಇರೋ ಹುಡುಗಿ ಅದಾಳ, ಆಕಿಗೆ ಪರೀಕ್ಷಾದಾಗ ಏನರೆ ಸಿಗ್ತದಾ?

2016ರ ಅಂಗವಿಕಲರ ಹಕ್ಕು ಕಾಯ್ದೆಯೊಳಗ 21 ಥರದ ತೊಂದರಿ ಬರ್ತಾವ, ಓದೋ-ಬರಿಯೋ ಕಲಿಕಾ ತೊಂದರಿನೂ ಅದರಾಗ ಅದ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸ್ರಿ, ಬರಿಯಾಕ ಸಹಾಯಕರು ಮತ್ತ ತಾಸಿಗೆ 20 ನಿಮಿಷ ಹೆಚ್ಚಿಗಿ ಟೈಮ್ ಕೇಳಾಕ ಬರ್ತದ. ಪರೀಕ್ಷಾ ಹಿಂದಿನ ದಿವ್ಸ ಅಲ್ಲ, ಅರ್ಜಿ ತುಂಬೋ ಟೈಮಿಗೆ ಕೇಳ್ರಿ.

## ಬಿಗಿ ಇರೋವು

"ಯಾರಿಗೂ ಹೇಳಂಗಿಲ್ಲ ಅಂತ ಮಾತ್ ಕೊಡ್ರಿ ಸರ್, ಆಮ್ಯಾಲ ಹೇಳ್ತೀನಿ" ಅಂದ್ರ ಕೊಡ್ಲೇನು?

ಕೊಡಬ್ಯಾಡ್ರಿ. ನಾ ಹೇಳೋದು ಹಿಂಗ: "ನಿನ್ನ ಮಾತು ಸ್ಟಾಫ್ ರೂಮಿನ್ಯಾಗ ಚಾ ಜೋಡಿ ಹೋಗಂಗಿಲ್ಲ. ಆದ್ರ ನಿನ್ನ ಜೀವಕ್ಕ, ಇಲ್ಲಾ ಬ್ಯಾರೆಯವರ ಜೀವಕ್ಕ ಕುತ್ತು ಅದ ಅಂದ್ರ ಒಬ್ಬರಿಗೆ ಹೇಳ್ತೀನಿ, ಯಾರಿಗೆ ಅನ್ನೋದನ್ನ ನಿನಗ ಮೊದ್ಲ ಹೇಳಿ." ಇಷ್ಟ ಅಂದ ಮ್ಯಾಲೂ ಹುಡುಗ್ರು ಹೇಳ್ತಾರ. ಇನ್ನೊಂದು, ಫಸ್ಟ್ ಇಯರ್‌ನ್ಯಾಗ 18 ತುಂಬದವ್ರೂ ಇರ್ತಾರ. ಅವ್ರ ಮ್ಯಾಲ ಲೈಂಗಿಕ ದೌರ್ಜನ್ಯ ಆಗಿದ್ದು ನಿಮಗ ತಿಳೀತು ಅಂದ್ರ ಪೋಕ್ಸೊ ಕಾಯ್ದೆ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ರ ನಿಮಗ ಶಿಕ್ಷಾ. ಮದಿವಿ ಗೊತ್ತು ಮಾಡ್ಯಾರ, ಇನ್ನಾ 18 ಆಗಿಲ್ಲ ಅಂತ ಅಳೋ ಹುಡುಗಿ ಬಂದ್ರ 1098, ಮಕ್ಕಳ ಸಹಾಯವಾಣಿ.

ಸಾಯೋ ಮಾತಾಡಿದ್ರ ಬಾಯಿ ಬಿಟ್ಟು ಕೇಳಬಹುದಾ? ಕೇಳಿದ್ರ ನಾವ ತಲ್ಯಾಗ ಹಾಕ್ದಂಗ ಆಗಂಗಿಲ್ಲೇನು?

ಆಗಂಗಿಲ್ಲ. ಈ ಅಂಜಿಕಿ ಎಲ್ಲಾರಿಗೂ ಅದ, ಆದ್ರ ಕೇಳಿದ್ದರಿಂದ ವಿಚಾರ ಹುಟ್ಟಂಗಿಲ್ಲ, ಒಬ್ಬನ ಹೊತ್ತದ್ದು ಹಗುರಾಗ್ತದ ಅಂತ ಈ ಕೆಲಸ ಬಲ್ಲವ್ರು ಹೇಳ್ತಾರ, ನಾನೂ ಕಂಡೀನಿ. "ಸತ್ತ ಹೋಗ್ಬೇಕು ಅನಿಸ್ಲಿಕ್ಕತ್ತದೇನು?" ಅಂತ ಸೀದಾ ಕೇಳ್ರಿ. ಹೌದಂದ್ರ ಒಬ್ಬನ್ನ ಬಿಡಬ್ಯಾಡ್ರಿ, ಕ್ಲಾಸು ಗೀಸು ಬಿಡ್ರಿ, 14416ಕ್ಕ ಅಲ್ಲೇ ಹಚ್ಚ್ರಿ, ಈಗಿಂದೀಗ ಅಪಾಯ ಅನಿಸಿದ್ರ 112 ಇಲ್ಲಾ 108, ನೀವ ಕರ್ಕೊಂಡು ಆಸ್ಪತ್ರಿಗೆ ಹೋಗ್ರಿ. ಬುದ್ಧಿವಾದ, ಅಪ್ಪ-ಅವ್ವನ ಕಷ್ಟ ನೆನಪು ಮಾಡೋದು, "ನಿಂಗೇನ್ ಕಡಿಮಿ ಆಗ್ಯದ" ಅನ್ನೋದು, ಇವತ್ತೊಂದಿನ ಬಾಯಾಗ ಬರಬಾರ್ದು.

ಮನಿಯವ್ರು ಕೇಸ್ ಆಗ್ತದ ಅಂತ ಆಸ್ಪತ್ರಿಗೆ ಅಂಜ್ತಾರ. 2017ರ ಮಾನಸಿಕ ಆರೋಗ್ಯ ಕಾಯ್ದೆ 115ನೇ ಕಲಂ ಹೇಳೋದು, ಹಂತಾ ಪ್ರಯತ್ನ ಮಾಡಿದವ್ರು ತೀವ್ರ ಒತ್ತಡದಾಗ ಇದ್ರು ಅಂತನ ತಿಳೀಬೇಕು, ಶಿಕ್ಷಾ ಕೊಡಂಗಿಲ್ಲ ಅಂತ. ಸಾಯಾಕ ಪ್ರಯತ್ನ ಮಾಡಿದ್ದನ್ನ ಅಪರಾಧ ಅಂತಿದ್ದ ಹಳೇ ಐಪಿಸಿ 309 ಕಲಂ 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತಾದಾಗ ಹಂಗ ಉಳದಿಲ್ಲ. ಇದನ್ನ ಅವರಪ್ಪಗ ಕನ್ನಡದಾಗ ತಿಳಿಸಿ ಹೇಳ್ರಿ, ತಡಾ ಮಾಡೋದು ಕಡಿಮಿ ಆಗ್ತದ.

ಮನಿಯವ್ರಿಗೆ ಹೇಳ್ಬೇಕಾ ಬ್ಯಾಡಾ?

ಹುಡುಗನ್ನ ಕೇಳಿ ಹೇಳ್ರಿ. ಜೀವದ ಪ್ರಶ್ನೆ ಅಂದ್ರ ಹೇಳಲೇಬೇಕು, ಆದ್ರ ಯಾರಿಗೆ ಅನ್ನೋದನ್ನ ಅವನ ಆರಿಸ್ಲಿ, ಅಪ್ಪಗ ಬ್ಯಾಡಂದ್ರ ಅಕ್ಕ, ಸ್ವಾದರಮಾವ, ಯಾರಿಗೆ ಅಂಜಂಗಿಲ್ಲೋ ಅವ್ರು. ಮನ್ಯಾಗಿಂದನ ತ್ರಾಸ ಇರೋ ಹುಡುಗಿಗೆ, ಅಂದ್ರ ಹೊಡೀತಾರ, ಇಲ್ಲಾ ಬ್ಯಾರೆ ಜಾತಿ ಹುಡುಗನ ವಿಷಯ ಅದ, ನೀವು ಒಳ್ಳೇ ಮನಸ್ಸಿಲೆ ಮಾಡಿದ ಒಂದ್ ಫೋನ್ ಆಕಿ ಓದು ನಿಲ್ಲಿಸ್ತದ. ನಂಗ ಅಂಥಾ ಫೋನ್ ಒಂದು ಇನ್ನಾ ನೆನಪದ. ಅಲ್ಲಿ 181 ಮಹಿಳಾ ಸಹಾಯವಾಣಿ, ಇಲ್ಲಾ ತ್ರಾಸದಾಗಿರೋ ಹೆಣ್ಮಕ್ಕಳಿಗೆ ನೆರವು ಕೊಡೋ ಸಖಿ ಕೇಂದ್ರ.

ಸ್ಟಾಫ್‌ನ್ಯಾಗಿನವ್ರ ಮ್ಯಾಲನ ಹುಡುಗಿ ದೂರು ಹೇಳಿದ್ರ? ನಾ ಮಧ್ಯಸ್ಥಿಕಿ ಮಾಡ್ಲೇನು?

ಮಾಡಬ್ಯಾಡ್ರಿ, ಕರದು ಕೂಡಿಸಿ ಕ್ಷಮಾ ಕೇಳಿಸೋ ಪಂಚಾಯ್ತಿ ಅಂತೂ ಬ್ಯಾಡೇ ಬ್ಯಾಡ. ಇದಕ್ಕ ಆಂತರಿಕ ದೂರು ಸಮಿತಿ ಅದ, 2013ರ ಕಾಯ್ದೆ ಮತ್ತ 2015ರ ಯುಜಿಸಿ ನಿಯಮದ ಪ್ರಕಾರ. ಘಟನಾ ಆಗಿ ಮೂರು ತಿಂಗಳದಾಗ ಲಿಖಿತ ದೂರು ಕೊಡ್ಬೇಕು, ತಡಾ ಆದದ್ದಕ್ಕ ಕಾರಣ ಇದ್ರ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರು ಕೊಡೋದು ಬಿಡೋದು ಆಕಿ ನಿರ್ಧಾರ, ಬರಿಯಾಕ ಸಹಾಯ ಮಾಡೋದು ನಮ್ಮ ಕೆಲಸ. ಮೆಸೇಜ್ ಅಳಿಸಬ್ಯಾಡ ಅಂತ ಹೇಳ್ರಿ. ವಕೀಲರು ಬೇಕಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100, ಹೆಣ್ಮಕ್ಕಳಿಗೆ ಆದಾಯ ನೋಡಂಗಿಲ್ಲ, ಪುಕ್ಕಟ. ರ‍್ಯಾಗಿಂಗ್ ಅಂದ್ರ ಬ್ಯಾರೆ ನಂಬರ್, 1800-180-5522.

ಲೋನ್ ಆ್ಯಪ್‌ನ್ಯಾಗ ಸಿಕ್ಕೊಂಡಾನ, ಫೋಟೊ ಕಳಿಸ್ತೀವಿ ಅಂತ ಅಂಜಸ್ತಾರಂತ?

ಇನ್ನೊಂದ್ ರೂಪಾಯಿ ಹಾಕಬ್ಯಾಡ ಅನ್ರಿ, ಸ್ಕ್ರೀನ್‌ಶಾಟ್ ತಗಿಸ್ರಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕ ಫೋನ್. ನಾಚಿಕಿಲೆ ಮನ್ಯಾಗ ಹೇಳಿರಂಗಿಲ್ಲ, ಅದಕ್ಕ ಇಂಥವನ ಹಿಂದ ಮೇಲಿನ ಸಾಯೋ ಪ್ರಶ್ನೆನೂ ಕೇಳ್ರಿ.

ಡೈರ‍್ಯಾಗ ಏನೇನ್ ಬರೀಬೇಕು?

ಆ ಡೈರಿ ನ್ಯಾಕ್‌ನವ್ರು ನೋಡ್ತಾರ, ಆಫೀಸಿನವ್ರು ನೋಡ್ತಾರ, ಟೇಬಲ್ ಮ್ಯಾಲ ಬಿದ್ದಿದ್ರ ಪ್ಯೂನ್ ನೋಡ್ತಾನ, ಬಾಜೂ ಹುಡುಗಿ ನೋಡ್ತಾಳ. ತಾರೀಖು, ಭೇಟಿ ಆದದ್ದು, "ಆರೋಗ್ಯದ ವಿಷಯ, ಮುಂದ ಕಳಿಸಿದೆ, ಮತ್ತ ಭೇಟಿ ಇಂಥ ದಿವ್ಸ" ಇಷ್ಟ ಸಾಕು. ಗರ್ಭ, ಪ್ರೇಮ, ಅಪ್ಪನ ಕುಡಿತ, ಡಾಕ್ಟರ್ ಹೇಳಿದ ರೋಗದ ಹೆಸ್ರು, ಯಾವುದೂ ಬ್ಯಾಡ. ವಾಟ್ಸ್ಯಾಪ್ ಸ್ಟಾಫ್ ಗ್ರೂಪಿನ್ಯಾಗ "ಈ ಹುಡುಗಿದು ಸ್ವಲ್ಪ ನೋಡ್ರಿ" ಅಂತ ಹೆಸ್ರು ಹಾಕೋದು ನಿಲ್ಲಿಸ್ರಿ, ಒಳ್ಳೇ ಮನಸ್ಸಿಲೇನ ಹಾಕ್ತೀರಿ, ಮರುದಿನ ಊರಿಗೆಲ್ಲಾ ಗೊತ್ತಿರ್ತದ.

ಎಲ್ಲಾರ್ದೂ ಕೇಳಿ ಕೇಳಿ ನಂಗ ಮನ್ಯಾಗ ಊಟ ಸೇರವಲ್ದು, ಇದಕ್ಕ ಏನ್ ಮಾಡ್ಲಿ?

ಒಬ್ಬ ಜೂನಿಯರ್ ಮೇಡಂ ಹೋದ ವರ್ಷ ಕೇಳಿದ್ದು. ರಾತ್ರಿ ಒಂಬತ್ತರ ಮ್ಯಾಲ ಮೆಸೇಜಿಗೆ ಉತ್ತರ ಬ್ಯಾಡ, ಅರ್ಜೆಂಟ್ ಇದ್ರ 14416 ಅಂತ ಹುಡುಗ್ರಿಗೆ ಮೊದಲ ದಿನಾನ ಹೇಳ್ಬಿಡ್ರಿ ಅಂದೆ. ವಾರಕ್ಕೊಮ್ಮೆ ಇಬ್ಬರು ಮೆಂಟರ್ ಕೂಡಿ, ಹೆಸ್ರು ಹೇಳ್ದ, ಯಾವುದು ಭಾರ ಆಗ್ಯದ ಅನ್ನೋದನ್ನ ಮಾತಾಡ್ಕೊಳ್ರಿ ಅಂದೆ. ಆಮ್ಯಾಲ ಆ 14416 ಹುಡುಗ್ರಿಗೆ ಅಷ್ಟ ಅಲ್ರಿ ಮೇಡಂ, ನಾನೂ ಒಮ್ಮೆ ಹಚ್ಚೀನಿ, ಗೋಳಗುಮ್ಮಟದ ಹೊರಗ ಗಾಡಿ ನಿಂದ್ರಿಸ್ಕೊಂಡು, ನನ್ನ ಹುಡುಗ ಒಬ್ಬ ಆಸ್ಪತ್ರ್ಯಾಗ ಇದ್ದ ವಾರ, ಅಂತ ಹೇಳಿದೆ. "ಮೊದ್ಲು ಏನಂತ ಹೇಳಿದ್ರಿ ಸರ್?" ಅಂತ ಕೇಳಿದ್ರು. ಇಬ್ಬರೂ ಕೂಡಿ ಒಂದು ವಾಕ್ಯ ಬರದ್ವಿ.